ಬಟನ್ ಮೇಲೆ ನಿಂತ ಬೆರಳು

ಲೆಕ್ಕ ಬರೆಯುವ ಒಂದು ಪುಟ್ಟ ಆ್ಯಪ್‌ಗಾಗಿ 6 ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದೆ. ಇನ್ನೂ ಸ್ವಲ್ಪ ಚೆನ್ನಾಗಲಿ ಅಂತ ಯಾರಿಗೂ ತೋರಿಸಲಿಲ್ಲ. ಕೊನೆಗೆ ಮೊದಲ ಗ್ರಾಹಕರ ಪಕ್ಕ ಕೂತು ಸುಮ್ನೆ ನೋಡಿದೆ. ಅವರ ಬೆರಳು 'ಉಳಿಸಿ' ಬಟನ್ ಹತ್ತಿರ ಬಂತು, ಹಿಂದೆ ಹೋಯಿತು, ಮತ್ತೆ ಬಂದು ನಿಂತಿತು. "ಒತ್ತಿದರೆ ಹಳೆಯದೆಲ್ಲ ಅಳಿಸಿಹೋಗುತ್ತಾ?" ಅಂದರು. ನಾನು 2 ವಾರ ತಲೆಕೆಡಿಸಿಕೊಂಡು ಮಾಡಿದ ಬಣ್ಣಬಣ್ಣದ ಗ್ರಾಫ್ ಕಡೆ ಅವರು ತಿರುಗಿಯೂ ನೋಡಲಿಲ್ಲ!

"ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಎದುರಿಗೇ ಬೇಜಾರು ಮಾಡೋಕೆ ಯಾರಿಗೆ ಇಷ್ಟ ಅಲ್ವಾ. ಅದಕ್ಕೇ ಈಗ "ಕಳೆದ ಸಲ ಲೆಕ್ಕ ತಪ್ಪಿದಾಗ ಏನು ಮಾಡಿದಿರಿ?" ಅಂತ ಕೇಳುತ್ತೇನೆ.

1999ರಲ್ಲಿ ಅಮೆರಿಕದಲ್ಲಿ ಜಾಪೋಸ್ ಅನ್ನೋ ಆನ್‌ಲೈನ್ ಶೂ ಅಂಗಡಿ ಶುರುಮಾಡಿದ ನಿಕ್ ಸ್ವಿನ್‌ಮರ್ನ್ ಶೂ ಅಂಗಡಿಗಳಲ್ಲಿ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು, ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳಿಸಿದರು. ಲಾಭದ ಮಾತು ಬಿಡಿ. ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನೋದಕ್ಕೆ ಗೋದಾಮಿಲ್ಲದೆಯೇ ಉತ್ತರ ಸಿಕ್ಕಿತು.

ನಾನೂ ಅದನ್ನೇ ಮಾಡಿದೆ. ಆ್ಯಪ್‌ನಿಂದ ರಿಮೈಂಡರ್ ಹೋಗುವಂತೆ ಕೋಡ್ ಬರೆಯುವ ಮೊದಲು 10 ಜನಕ್ಕೆ ಒಂದು ವಾರ ನಾನೇ ಕೈಯಾರೆ ನೆನಪಿಸುವ ಮೆಸೇಜ್ ಕಳಿಸಿದೆ. ಕನಿಷ್ಠ 3 ಉತ್ತರ ಬರದಿದ್ದರೆ ಈ ಐಡಿಯಾ ಬಿಡುವುದು ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟೆ, ಇಲ್ಲದಿದ್ದರೆ ಮನಸ್ಸು ಏನಾದರೂ ನೆಪ ಹುಡುಕುತ್ತದೆ. ಬಂದದ್ದು 2. ಅದರಲ್ಲಿ ಒಂದು, "ಇದನ್ನು ನಿಲ್ಲಿಸೋದು ಹೇಗೆ?"