ಕುರ್ಚಿ ತರಿಸುವ ಮೊದಲು ಮೆಟ್ಟಿಲು ಅಳೆಯಿರಿ

ಸರ್ಕಾರಿ ಹಣದಲ್ಲಿ ನವೀಕರಿಸಿದ ಕ್ರೀಡಾಂಗಣವೊಂದರ ಹಸ್ತಾಂತರ ತಪಾಸಣೆ. ಹೊಸ ಚಾವಣಿ, ಹೊಸ ಬಣ್ಣ, ಒಂದೇ ಗ್ಯಾಲರಿಯಲ್ಲಿ ನಾಲ್ಕು ಸಾವಿರ ಕುರ್ಚಿ. ಸುರಕ್ಷತಾ ಅಧಿಕಾರಿ ಬಂದವರೇ ಫೈಲು ಪಕ್ಕಕ್ಕಿಟ್ಟು ಟೇಪ್ ಕೇಳಿದರು.

"ಇಲ್ಲಿ ಎಷ್ಟು ಜನ ಕೂರ್ತಾರೆ?"

"ನಾಲ್ಕು ಸಾವಿರ ಸರ್," ಅಂದರು ಗುತ್ತಿಗೆದಾರರ ಕಡೆಯ ಎಂಜಿನಿಯರ್.

"ಎಂಟು ನಿಮಿಷದಲ್ಲಿ ಎಷ್ಟು ಜನ ಇಳೀತಾರೆ?"

ಇದಕ್ಕೆ ಅಲ್ಲಿದ್ದ ಯಾರೂ ಬಾಯಿ ತೆರೆಯಲಿಲ್ಲ.

ಆ ಗ್ಯಾಲರಿಯಿಂದ ಕೆಳಗಿಳಿಯಲು ಎರಡೇ ಮೆಟ್ಟಿಲ ದಾರಿ. ಡ್ರಾಯಿಂಗಿನಲ್ಲಿ ಒಂದೊಂದರ ಅಗಲ 2.4 ಮೀಟರ್. ಅದು ಗೋಡೆಯಿಂದ ಗೋಡೆಗೆ. ಎರಡೂ ಬದಿಯ ಹ್ಯಾಂಡ್‌ರೇಲ್ ನಡುವೆ ಟೇಪ್ ಹಿಡಿದಾಗ ಸಿಕ್ಕಿದ್ದು 2.2. ಜನ ನಡೆಯುವುದು ಹ್ಯಾಂಡ್‌ರೇಲ್ ನಡುವೆ, ಹಾಗಾಗಿ ಲೆಕ್ಕಕ್ಕೆ ಬರುವುದೂ ಅದೇ ಅಗಲ. ಮೆಟ್ಟಿಲಿನಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ, ಸಮತಟ್ಟು ದಾರಿಯಲ್ಲಾದರೆ 82. ಎರಡೂ ದಾರಿ ಸೇರಿ 4.4 ಮೀಟರ್. 66ನ್ನು 4.4ರಿಂದ, ಮತ್ತೆ 8ರಿಂದ ಗುಣಿಸಿದರೆ 2,323. ಅಧಿಕಾರಿ ಇದನ್ನು ಡ್ರಾಯಿಂಗಿನ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಮಿಕ್ಕ 1,677 ಕುರ್ಚಿಗಳಿಗೆ ಟಿಕೆಟ್ ಮಾರುವಂತಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. 1.8 ಮೀಟರಿಗಿಂತ ಅಗಲವಾದ ಮೆಟ್ಟಿಲಿಗೆ ನಡುವೆ ಒಂದು ರೇಲ್ ಹಾಕಿ ಇಬ್ಭಾಗ ಮಾಡಬೇಕು, ಇಲ್ಲದಿದ್ದರೆ ನಡುವೆ ಇರುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. 2.2ರ ನಡುವೆ ರೇಲ್ ಬಂದರೆ ಎರಡೂ ಕಡೆ 1.1 ಮೀಟರ್ ಕೂಡ ಉಳಿಯುವುದಿಲ್ಲ. ಬೇಕಾಗಿರುವುದು 1.2.

ಈ ಅಂಕಿಗಳನ್ನು ಕೊಟ್ಟದ್ದು ಕ್ರೀಡಾಂಗಣಗಳ ಸುರಕ್ಷತೆಗೆ ಬ್ರಿಟನ್ನಿನಲ್ಲಿರುವ ಮಾರ್ಗದರ್ಶಿ, 'ಗ್ರೀನ್ ಗೈಡ್'. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದು ಇಳಿಯುತ್ತಿದ್ದ ಜನ ಮೆಟ್ಟಿಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಆಮೇಲೆ, 1973ರಲ್ಲಿ, ಅದರ ಮೊದಲ ಆವೃತ್ತಿ ಬಂತು. 1985ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಹೋದರು. ಹಿಂಬದಿಗೆ ಓಡಿದವರಿಗೆ ಎದುರಾದದ್ದು ಬೀಗ ಹಾಕಿದ ಗೇಟುಗಳು. ಮೆಟ್ಟಿಲ ಅಗಲದಲ್ಲಿ ಹತ್ತು ಸೆಂಟಿಮೀಟರಿಗೆ ಅಧಿಕಾರಿಗಳು ಪಟ್ಟು ಹಿಡಿದಾಗ ಸಿಟ್ಟಾಗುವ ಎಂಜಿನಿಯರುಗಳು ಈ ಎರಡು ಘಟನೆಗಳ ಬಗ್ಗೆ ಒಮ್ಮೆ ಓದಬೇಕು.

ನಿಯಮ ಸರಳ. ನಾಲ್ಕು ಲೆಕ್ಕ ಮಾಡಬೇಕು: ಕೂರಲು ಎಷ್ಟು ಜಾಗ, ಒಂದು ಗಂಟೆಯೊಳಗೆ ಎಷ್ಟು ಜನ ಒಳಬರಬಹುದು, ಪಂದ್ಯ ಮುಗಿದ ಮೇಲೆ ಎಷ್ಟು ಜನ ಹೊರಹೋಗಬಹುದು, ತುರ್ತಿನಲ್ಲಿ ಎಷ್ಟು ಜನ ಪಾರಾಗಬಹುದು. ನಾಲ್ಕರಲ್ಲಿ ಯಾವುದು ಕಡಿಮೆಯೋ ಅದೇ ಕ್ರೀಡಾಂಗಣದ ಸಾಮರ್ಥ್ಯ. ಒಳಬರುವುದಕ್ಕೆ ಒಂದು ಟರ್ನ್‌ಸ್ಟೈಲಿಗೆ (ಒಬ್ಬೊಬ್ಬರನ್ನೇ ಬಿಡುವ ತಿರುಗು ಗೇಟು) ಗಂಟೆಗೆ 660 ಜನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ನಾಲ್ಕು ಸಾವಿರಕ್ಕೆ ಏಳಾದರೂ ಬೇಕು, ಒಂದು ಕೆಟ್ಟರೆ ಅಂತ ಎಂಟು. ತುರ್ತಿನ ಸಮಯವನ್ನು ಬೆಂಕಿಯ ಅಪಾಯ ನೋಡಿ ಎರಡೂವರೆ ನಿಮಿಷದಿಂದ ಎಂಟು ನಿಮಿಷದೊಳಗೆ ನಿಗದಿ ಮಾಡುತ್ತಾರೆ. ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಹಳೆಯ ಫೋಮ್ ಮ್ಯಾಟು, ಬಣ್ಣದ ಡಬ್ಬ ತುಂಬಿಟ್ಟಿದ್ದರೆ ಎಂಟು ನಿಮಿಷ ಸಿಗುವ ಮಾತೇ ಇಲ್ಲ.

ಇಷ್ಟು ಸರಳವಾದದ್ದು ಯಾಕೆ ಪ್ರತಿಸಲ ತಪ್ಪುತ್ತದೆ? ಮಂಜೂರಾತಿ ಆದೇಶದಲ್ಲೇ ಆಸನ ಸಂಖ್ಯೆ ಬರೆದುಬಿಡುತ್ತಾರೆ. ಘೋಷಣೆಯಾದ ಮೇಲೆ ಆ ಸಂಖ್ಯೆಯನ್ನು ಯಾರೂ ಮುಟ್ಟುವುದಿಲ್ಲ. ಆರ್ಥಿಕ ವರ್ಷ ಮುಗಿಯುವುದರೊಳಗೆ ಹಣ ಖರ್ಚಾಗದಿದ್ದರೆ ವಾಪಸ್ಸು ಹೋಗುತ್ತದೆ. ಕುರ್ಚಿ ಸಪ್ಲೈ ಐಟಂ: ಆರ್ಡರ್ ಕೊಡು, ಲಾರಿ ಬರುತ್ತದೆ, ಎಣಿಸು, ಬಿಲ್ ಮಾಡು. ಮೆಟ್ಟಿಲು ಒಡೆಯುವುದು ಹಾಗಲ್ಲ. ಸ್ಟ್ರಕ್ಚರಲ್ ವರದಿ ಬೇಕು, ಕೆಳಗಿನ ಡ್ರೆಸಿಂಗ್ ರೂಮಿನ ಗೋಡೆ ಸರಿಸಬೇಕು, ಎಕ್ಸ್‌ಟ್ರಾ ಐಟಂಗೆ ಅನುಮೋದನೆ ಬೇಕು. ಹಾಗಾಗಿ ಕೊನೆಗೆ ಆಗಬೇಕಾದ ಕೆಲಸ ಮೊದಲು ಆಗುತ್ತದೆ. ಟೆಂಡರಿನಲ್ಲಿ ಆಸನ ಸಂಖ್ಯೆಯ ಬದಲು 'ನಿರ್ಗಮನ ಲೆಕ್ಕ ಅನುಮೋದನೆಯಾದ ಮೇಲೆ ನಿಗದಿಯಾಗುವಷ್ಟು' ಎಂದು ಬರೆದು, ಒಂದು ಕುರ್ಚಿಯ ದರ ಮಾತ್ರ ತರಿಸಿಕೊಂಡರೆ ಸಾಕು. ಸಂಖ್ಯೆ ಆಮೇಲೆ ತುಂಬಬಹುದು.

ಹಳೆಯ ಗ್ಯಾಲರಿಯ ಹಂತಗಳ ಆಳ ಇನ್ನೊಂದು ತಲೆನೋವು. 700 ಮಿ.ಮೀ. ಹಂತದ ಮೇಲೆ ಬೆನ್ನಿರುವ ಬಕೆಟ್ ಕುರ್ಚಿ 450 ಮಿ.ಮೀ. ತಿಂದರೆ ಮುಂದೆ ನಡೆಯಲು ಉಳಿಯುವುದು 250. ಹೊಸ ಕೆಲಸಕ್ಕೆ 400 ಇರಬೇಕು. ಆಗ ಮಡಚುವ ಕುರ್ಚಿಯೇ ಗತಿ. ಮಡಚಿದಾಗ 300ರೊಳಗೆ ನಿಲ್ಲುವಂಥದ್ದನ್ನು ಆರಿಸಿ, ಸ್ಪ್ರಿಂಗಿನದು ಬೇಡ. ತೆರೆದ ಗಾಳಿ ಮಳೆಯಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದು ಸೀಟು ಬಿದ್ದೇ ಇರುತ್ತದೆ, ದಾರಿ ಮತ್ತೆ ಕಿರಿದಾಗುತ್ತದೆ. ತನ್ನ ಭಾರಕ್ಕೇ ಮೇಲೇಳುವಂಥದ್ದು ತಗೊಳ್ಳಿ. ಬ್ರಾಕೆಟ್ಟನ್ನು ಹಂತದ ಎದುರು ಮುಖಕ್ಕೆ ಕೂರಿಸಿದರೆ ಕೆಳಗೆ ಗುಡಿಸುವುದು ಸುಲಭ. ಆದರೆ ಹಳೆಯ ಕಾಂಕ್ರೀಟಿನ ಅಂಚಿಗೆ ತೀರಾ ಹತ್ತಿರ ರಂಧ್ರ ಕೊರೆದರೆ ಅಂಚು ಸಿಡಿದು ಆಂಕರ್, ಅಂದರೆ ಬ್ರಾಕೆಟ್ ಬಿಗಿಯುವ ಬೋಲ್ಟ್, ಸಡಿಲಾಗುತ್ತದೆ. ಮೊದಲು ಕೆಲವು ಆಂಕರುಗಳನ್ನು ಎಳೆದು ನೋಡುವ ಪುಲ್-ಔಟ್ ಪರೀಕ್ಷೆ ಮಾಡಿಸಿ, ಆಮೇಲೆ ಸಾವಿರಗಟ್ಟಲೆ ಕೊರೆಯಿರಿ. ಒಂದು ಸಾಲಿನಲ್ಲಿ ಎರಡೂ ಕಡೆ ದಾರಿಯಿದ್ದರೆ 28 ಕುರ್ಚಿ, ಒಂದೇ ಕಡೆ ಇದ್ದರೆ 14. ಅದಕ್ಕಿಂತ ಹೆಚ್ಚು ಬೇಡ.

ಅಭಿಮಾನಿಗಳು ಕೇಳುವುದು ಆಟ ಹತ್ತಿರದಿಂದ ಕಾಣಬೇಕು ಅಂತ. ಓಟದ ಟ್ರ್ಯಾಕ್ ತೆಗೆದು ಮೈದಾನವನ್ನು ಗ್ಯಾಲರಿಯ ಕಡೆ ತಂದರೆ ಆಯಿತು ಎಂದು ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಹಂತದ ಎತ್ತರ 0.3 ಮೀಟರ್, ಆಳ 0.8. ಒಂದು ಸಾಲಿನಲ್ಲಿ ಕೂತವರ ಕಣ್ಣು ಮೈದಾನದಿಂದ 4 ಮೀಟರ್ ಎತ್ತರದಲ್ಲಿದೆ, ಮೈದಾನದ ಅಂಚಿನ ಗೆರೆ 20 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ದೂರವನ್ನು ಕಣ್ಣಿನ ಎತ್ತರ ಮತ್ತು ಹಂತದ ಎತ್ತರದ ಮೊತ್ತದಿಂದ ಗುಣಿಸಿ, ದೂರ ಮತ್ತು ಹಂತದ ಆಳದ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ಕಣ್ಣಿನ ಎತ್ತರ ಕಳೆದರೆ ಸಿ-ವ್ಯಾಲ್ಯೂ, ಅಂದರೆ ಹಿಂದೆ ಕೂತವರ ನೋಟ ಮುಂದಿನವರ ಕಣ್ಣಿಗಿಂತ ಎಷ್ಟು ಮೇಲೆ ಹಾಯುತ್ತದೆ ಎಂಬ ಅಳತೆ. ಇಲ್ಲಿ ಸುಮಾರು 135 ಮಿ.ಮೀ. ಬರುತ್ತದೆ. 120 ಇದ್ದರೇ ಉತ್ತಮ, 90 ಸಹ ನಡೆಯುತ್ತದೆ. ಈಗ ಗೆರೆಯನ್ನು 8 ಮೀಟರಿಗೆ ತನ್ನಿ. ಅದೇ ಸಾಲಿನ ಸಿ-ವ್ಯಾಲ್ಯೂ ಮೈನಸ್ 91. ಮುಂದಿನವರ ತಲೆಯೇ ಕಾಣುತ್ತದೆ, ಗೆರೆ ಕಾಣುವುದಿಲ್ಲ. ಹಂತಗಳನ್ನು ಕಡಿದಾಗಿಸದೆ ಮೈದಾನ ಹತ್ತಿರ ತರುವುದು ದುಡ್ಡು ಕೊಟ್ಟು ನೋಟ ಕೆಡಿಸಿಕೊಂಡಂತೆ. ಗಾಲಿಕುರ್ಚಿಯ ಜಾಗಕ್ಕಂತೂ ಮುಂದಿನ ಸಾಲಿನವರು ಎದ್ದು ನಿಂತಾಗಲೂ ಕಾಣಬೇಕು. ಆ ಲೆಕ್ಕವನ್ನು ಬೇರೆಯಾಗಿಯೇ ಮಾಡಿ.

ಟ್ರ್ಯಾಕ್ ಉಳಿಸಿಕೊಳ್ಳುವುದಾದರೆ ಅದು ಕಟ್ಟಕಡೆಯ ಕೆಲಸ. ಡಾಂಬರಿನ ಮೇಲೆ 4 ಮೀಟರ್ ನೇರಪಟ್ಟಿ ಇಟ್ಟಾಗ 6 ಮಿ.ಮೀ.ಗಿಂತ ಹೆಚ್ಚು ತಗ್ಗಿರಬಾರದು, ಒಳಬದಿಗೆ ಇಳಿಜಾರು ನೂರಕ್ಕೆ ಒಂದನ್ನು ಮೀರಬಾರದು. ಇಷ್ಟು ಜತನದಿಂದ ಸಿಂಥೆಟಿಕ್ ಹಾಸಿದ ಮೇಲೆ ಫ್ಲಡ್‌ಲೈಟ್ ಕಂಬಕ್ಕೆ ಕ್ರೇನ್ ತಂದು ಅದರ ಮೇಲೇ ನಿಲ್ಲಿಸಿದ್ದನ್ನು, ಕೇಬಲ್ ಡಕ್ಟ್ ಮರೆತು ಹಾಸನ್ನು ಕೊಯ್ದದ್ದನ್ನು ಈ ಕ್ಷೇತ್ರದಲ್ಲಿ ಇರುವವರೆಲ್ಲ ನೋಡಿದ್ದಾರೆ. ತೇಪೆ ಹಾಕಿದ ಜಾಗ ಎಂದೂ ಮೊದಲಿನಂತಾಗುವುದಿಲ್ಲ. ಟ್ರ್ಯಾಕ್ ದಾಟುವ ಕಡೆಯೆಲ್ಲ ಹಾಸುವ ಮೊದಲೇ ಖಾಲಿ ಪೈಪುಗಳನ್ನು ಹೂತಿಡಿ, ಒಂದೆರಡು ಹೆಚ್ಚಾಗಿಯೇ ಇರಲಿ.

ಕ್ಲಬ್‌ಗಳನ್ನು ಕರೆಯುವುದು ಉದ್ಘಾಟನೆಗೆ. ಕರೆಯಬೇಕಾದ್ದು ಬಿಒಕ್ಯೂ, ಅಂದರೆ ಕೆಲಸ ಮತ್ತು ಸಾಮಗ್ರಿಗಳ ಪ್ರಮಾಣ ಪಟ್ಟಿ, ಬರೆಯುವಾಗ. ಹರ್ಡಲ್ಸ್ ಗಾಡಿ, ಗೋಲ್ ಪೋಸ್ಟ್, ಹೈಜಂಪ್ ಮ್ಯಾಟು ಒಳಹೋಗುವಷ್ಟು ಅಗಲದ ಬಾಗಿಲು ಸ್ಟೋರಿಗೆ ಬೇಕು ಎಂದು ಹೇಳುವವರು ಅವರೇ. ಪ್ರತಿ ಕ್ಲಬ್ಬಿಗೆ ಬೇರೆ ಸಬ್-ಮೀಟರ್, ಫ್ಲಡ್‌ಲೈಟಿಗೆ ಅಭ್ಯಾಸದ ಮಟ್ಟ ಮತ್ತು ಪಂದ್ಯದ ಮಟ್ಟ ಎಂದು ಎರಡು ಸ್ವಿಚಿಂಗ್ ಕೇಳಿ ಹಾಕಿಸಿ. ಎರಡು ಮಟ್ಟ ಇಲ್ಲದಿದ್ದರೆ ಸಂಜೆಯ ಅಭ್ಯಾಸಕ್ಕೂ ಇಡೀ ಕಂಬ ಉರಿಸಬೇಕಾಗುತ್ತದೆ, ಬಿಲ್ಲು ಕಟ್ಟಲಾಗದೆ ಮಕ್ಕಳ ತಂಡಗಳು ಮೊದಲು ಜಾಗ ಖಾಲಿ ಮಾಡುತ್ತವೆ.

ಆ ಗ್ಯಾಲರಿಗೆ ಈಗ ಮೂರನೆಯ ಮೆಟ್ಟಿಲು ಬರುತ್ತಿದೆ. ಅದಕ್ಕೆ ಜಾಗ ಮಾಡಲು ನಡುವಿನ ಸಾಲುಗಳ ಹೊಸ ಕುರ್ಚಿಗಳನ್ನು ಬಿಚ್ಚಿ ಗೋದಾಮಿಗೆ ಸಾಗಿಸಿದ್ದಾರೆ.