ರಾತ್ರಿ ಬೀದಿಯ ಚಿತ್ರಗಳು ಕಪ್ಪು-ಬಿಳುಪಿಗೆ: ಕೆಲಸ ಎಲ್ಲಿಯವರೆಗೆ ಬಂದಿದೆ

ರಾತ್ರಿಯ ಬೀದಿಗಳಲ್ಲಿ ತೆಗೆದ ಬಣ್ಣದ ಛಾಯಾಚಿತ್ರಗಳನ್ನು ಕಪ್ಪು-ಬಿಳುಪಿಗೆ ಪರಿವರ್ತಿಸಿ ಮ್ಯಾಟ್ ಕಾಗದದ ಮೇಲೆ ಮುದ್ರಿಸುವ ಈ ಯೋಜನೆಯಲ್ಲಿ, ಹಿಂದಿನ ಟಿಪ್ಪಣಿಯ ನಂತರ ಆಗಿರುವ ಮುಖ್ಯ ಬದಲಾವಣೆ ಫೋಲ್ಡರ್‌ಗಳ ಜೋಡಣೆಯದು. ದಿನಾಂಕದ ಪ್ರಕಾರ ಇದ್ದ ಚಿತ್ರಗಳನ್ನು ಈಗ ದೀಪದ ಪ್ರಕಾರ ವಿಂಗಡಿಸಿದ್ದೇನೆ: ಸೋಡಿಯಂ (ಕಿತ್ತಳೆ ಬೆಳಕಿನ ಬೀದಿದೀಪ), ಬಿಳಿ ಎಲ್‌ಇಡಿ, ಬಣ್ಣದ ಫಲಕಗಳು, ಮತ್ತು ಇವೆಲ್ಲ ಒಂದರ ಮೇಲೊಂದು ಬಿದ್ದಿರುವ ಮಿಶ್ರ ಬೆಳಕು. ಹಗಲಿನ ಚಿತ್ರಗಳಿಗೆ ಬೆಳಕಿನ ಮೂಲ ಒಂದೇ ಆದ್ದರಿಂದ ಒಂದು ಪ್ರಿಸೆಟ್ ಸಿದ್ಧಪಡಿಸಿಕೊಂಡರೆ ಹೆಚ್ಚಿನ ಕೆಲಸ ನಡೆದುಹೋಗುತ್ತದೆ. ರಾತ್ರಿಯಲ್ಲಿ ಪ್ರತಿಯೊಂದು ಬಗೆಯ ದೀಪಕ್ಕೂ ತನ್ನದೇ ವರ್ಣಪಟಲ ಇರುವುದರಿಂದ, ಯಾವ ಬಣ್ಣ ಯಾವ ಬೂದು ಆಗಬೇಕೆಂಬ ತೀರ್ಮಾನದಲ್ಲಿ ಛಾಯಾಗ್ರಾಹಕನಿಗಿಂತ ಮೊದಲು ದೀಪದ ಮಾತು ನಡೆಯುತ್ತದೆ. ಕಾಂಟ್ರಾಸ್ಟ್, ಕರ್ವ್, ಗ್ರೇನ್ ಎಲ್ಲವೂ ಅದರ ನಂತರದ ವಿಷಯಗಳು.

ಸೋಡಿಯಂ ಫೋಲ್ಡರ್ ಮುಗಿದಿದೆ. ಕಡಿಮೆ ಒತ್ತಡದ ಸೋಡಿಯಂ ದೀಪದ ಬೆಳಕು ಬಹುಪಾಲು 589.0 ಮತ್ತು 589.6 ನ್ಯಾನೊಮೀಟರ್‌ಗಳ ಎರಡು ರೇಖೆಗಳಲ್ಲೇ ಅಡಕವಾಗಿರುತ್ತದೆ. ಆದ್ದರಿಂದ ಅದರ ಕೆಳಗೆ ನಿಂತ ಕೆಂಪು ಅಂಗಿಗೂ ಹಸಿರು ಅಂಗಿಗೂ ಉಳಿಯುವ ವ್ಯತ್ಯಾಸ ಹೊಳಪಿನದು ಮಾತ್ರ. ಸೆನ್ಸರಿನ ಕೆಂಪು, ಹಸಿರು, ನೀಲಿ ಚಾನೆಲ್‌ಗಳು ಮೂರೂ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಮಾಣದಲ್ಲಿ ದಾಖಲಿಸಿರುತ್ತವೆಯೇ ಹೊರತು ಮೂರು ಬೇರೆ ಚಿತ್ರಗಳನ್ನಲ್ಲ. ಯಾವ ಬಣ್ಣದ ಚಾನೆಲ್ ಬೂದು ಚಿತ್ರಕ್ಕೆ ಎಷ್ಟು ಸೇರಬೇಕೆಂದು ನಿರ್ಧರಿಸುವ ಚಾನೆಲ್ ಮಿಕ್ಸರ್‌ನ ಸ್ಲೈಡರ್‌ಗಳನ್ನು ಎಷ್ಟು ಎಳೆದಾಡಿದರೂ ಒಂದು ಬಟ್ಟೆ ಇನ್ನೊಂದಕ್ಕಿಂತ ತಿಳಿಯಾಗುವುದಿಲ್ಲ, ನಾಯ್ಸ್ (ಕಡಿಮೆ ಬೆಳಕಿನ ಚಿತ್ರದಲ್ಲಿ ಮೂಡುವ ಅಡ್ಡಾದಿಡ್ಡಿ ಚುಕ್ಕೆಗಳು) ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಅಧಿಕ ಒತ್ತಡದ ದೀಪದಲ್ಲಿ ಈ ರೇಖೆಗಳು ಅಗಲಕ್ಕೆ ಹರಡಿಕೊಂಡು ಹಸಿರು ಮತ್ತು ಕೆಂಪು ಸ್ವಲ್ಪ ಸೇರುವುದರಿಂದ ಮಿಕ್ಸರ್‌ಗೆ ಕೊಂಚ ಕೆಲಸ ಸಿಗುತ್ತದೆ. ಆದರೂ ಅದರ ವರ್ಣತಾಪ (ಬೆಳಕಿನ ಛಾಯೆಯ ಅಳತೆ, ಕಡಿಮೆಯಾದಷ್ಟೂ ಕಿತ್ತಳೆ) 2000 ಕೆಲ್ವಿನ್‌ನ ಆಸುಪಾಸಿನಲ್ಲೇ ಇದ್ದು, ನೀಲಿ ಚಾನೆಲ್ ಬಹುತೇಕ ಖಾಲಿಯೇ ಇರುತ್ತದೆ.

ನೀಲಿ ಚಾನೆಲ್ ಹೀಗೆ ಖಾಲಿ ಇರುವುದರಿಂದಲೇ ವೈಟ್ ಬ್ಯಾಲೆನ್ಸ್ (ಬೆಳಕಿನ ಛಾಯೆಗೆ ತಕ್ಕಂತೆ ಬಣ್ಣಗಳನ್ನು ಸರಿದೂಗಿಸುವ ಹೊಂದಿಕೆ) ಇಲ್ಲಿ ನಿರ್ಣಾಯಕವಾಗುತ್ತದೆ. ಬಣ್ಣ ಹೇಗೂ ಹೋಗುವುದಾದ್ದರಿಂದ ವೈಟ್ ಬ್ಯಾಲೆನ್ಸ್ ಏನಿದ್ದರೂ ನಡೆಯುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧವಾಗಿದೆ. ಕಿತ್ತಳೆ ಛಾಯೆಯನ್ನು ತೆಗೆದು ಬೆಳಕನ್ನು ತಟಸ್ಥಗೊಳಿಸಲು ಹೊರಟರೆ ಸಾಫ್ಟ್‌ವೇರ್ ನೀಲಿ ಚಾನೆಲ್ಲನ್ನು ಹಲವು ಪಟ್ಟು ಹೆಚ್ಚಿಸುತ್ತದೆ, ಆ ಚಾನೆಲ್‌ನಲ್ಲಿ ಇರುವುದು ನಾಯ್ಸ್ ಆದ್ದರಿಂದ ಹೆಚ್ಚುವುದೂ ಅದೇ, ಪರಿವರ್ತನೆಯಾದ ಮೇಲೆ ಅದೆಲ್ಲ ಗೋಡೆಗಳ ಮೇಲೂ ಆಕಾಶದ ಮೇಲೂ ಒರಟು ಕಲೆಗಳಾಗಿ ಉಳಿದುಬಿಡುತ್ತದೆ. ಹಾಗಾಗಿ ಈ ಫೋಲ್ಡರಿನ ಎಲ್ಲ ಚಿತ್ರಗಳಲ್ಲೂ ವೈಟ್ ಬ್ಯಾಲೆನ್ಸನ್ನು ಹಗಲಿನ 5500 ಕೆಲ್ವಿನ್‌ನಲ್ಲೇ ಬಿಟ್ಟಿದ್ದೇನೆ. ಪರದೆಯ ಮೇಲೆ ಚಿತ್ರ ಪೂರ್ತಿ ಕಿತ್ತಳೆಯಾಗಿ ಕಾಣುತ್ತದೆ, ಕಾಣಲಿ. ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಆದ ಡಾರ್ಕ್‌ಟೇಬಲ್‌ನ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನಲ್ಲಿರುವ ಗ್ರೇ ಟ್ಯಾಬ್‌ನಲ್ಲಿ ಕೆಂಪಿಗೆ 0.4, ಹಸಿರಿಗೆ 0.6, ನೀಲಿಗೆ 0 ಎಂದು ಇಟ್ಟಿದ್ದೇನೆ. ಹಸಿರಿಗೆ ಹೆಚ್ಚು ಕೊಡುವುದಕ್ಕೆ ಎರಡು ಕಾರಣಗಳಿವೆ: 1976ರಲ್ಲಿ ಪೇಟೆಂಟ್ ಪಡೆದ ಬೇಯರ್ ಜೋಡಣೆಯಲ್ಲಿ (ಸೆನ್ಸರಿನ ಮೇಲೆ ಬಣ್ಣದ ಫಿಲ್ಟರ್‌ಗಳನ್ನು ಹೊಂದಿಸುವ ಕ್ರಮ) ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರಿನವಾದ್ದರಿಂದ ಸೂಕ್ಷ್ಮ ವಿವರ ಅಲ್ಲೇ ಚೆನ್ನಾಗಿ ಉಳಿಯುತ್ತದೆ, ಜೊತೆಗೆ, ದೀಪದ ಸುತ್ತಮುತ್ತ ಕೆಂಪು ಚಾನೆಲ್ ತುಂಬಿ ಬಿಳಿಚಿದ ಮೇಲೂ ಹಸಿರು ಚಾನೆಲ್‌ನಲ್ಲಿ ಕಂಬದ ಅಂಚು ಕಾಣುತ್ತಿರುತ್ತದೆ.

ಬಿಳಿ ಎಲ್‌ಇಡಿಯ ಬಗ್ಗೆ ಹೇಳುವುದು ಕಡಿಮೆ. ಸುಮಾರು 450 ನ್ಯಾನೊಮೀಟರ್‌ನ ನೀಲಿ ಬೆಳಕನ್ನು ಹಳದಿ ಫಾಸ್ಫರ್ ಲೇಪನದ ಮೂಲಕ ಹಾಯಿಸಿ ಬಿಳಿ ಮಾಡುವುದರಿಂದ ಮೂರೂ ಚಾನೆಲ್‌ಗಳಲ್ಲಿ ಸತ್ವವಿರುತ್ತದೆ, ಮಿಕ್ಸರ್ ನಿಜವಾದ ಬಣ್ಣದ ಫಿಲ್ಟರಿನಂತೆಯೇ ವರ್ತಿಸುತ್ತದೆ. ಕೆಂಪನ್ನು ಹೆಚ್ಚಿಸಿದರೆ ಮುಖಗಳು ತಿಳಿಯಾಗುತ್ತವೆ, ಆದರೆ ತುಟಿಗಳು ಚರ್ಮದೊಳಗೆ ಕರಗಿಹೋಗುತ್ತವೆ. ಇಲ್ಲಿ ಕಾಡುವುದು ಮಿನುಗು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕಳಪೆ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ ಒದಗಿಸುವ ಸರ್ಕ್ಯೂಟ್) ಇರುವ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಳಸಿದ ಚಿತ್ರಗಳಲ್ಲಿ ಅದು ಅಡ್ಡಪಟ್ಟಿಗಳಾಗಿ ಬೀಳುತ್ತದೆ. ಮಿಕ್ಸರ್ ಅದನ್ನು ಅಳಿಸಲಾರದು. ಅಂಥ ಚಿತ್ರಗಳನ್ನು ಕೈಬಿಟ್ಟಿದ್ದೇನೆ.

ಹೆಚ್ಚು ಸಮಯ ತೆಗೆದುಕೊಂಡದ್ದು ಬಣ್ಣದ ಫಲಕಗಳ ಫೋಲ್ಡರ್. ಅದರಲ್ಲಿ ಒಂದು ಚಿತ್ರವನ್ನು ವಿವರವಾಗಿ ಹೇಳುತ್ತೇನೆ: ಒದ್ದೆ ರಸ್ತೆ, ಕೊಡೆ ಹಿಡಿದು ನಿಂತ ಒಬ್ಬ ವ್ಯಕ್ತಿ, ಅವನ ಓರೆಗೆ ಅಕ್ಷರಗಳು ಓಡುವ ಕೆಂಪು ಎಲ್‌ಇಡಿ ಫಲಕ. ಪ್ರಕಾಶದ ಹಿಸ್ಟೋಗ್ರಾಮ್ (ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ) ನೋಡಿದರೆ ಎಲ್ಲವೂ ಸುರಕ್ಷಿತವಾಗಿದೆ ಎನಿಸುತ್ತದೆ, ಏಕೆಂದರೆ ಕೆಂಪಿಗೆ ಆ ಲೆಕ್ಕದಲ್ಲಿ ಸಿಗುವ ತೂಕವೇ ಕಡಿಮೆ. ಚಾನೆಲ್‌ಗಳ ಹಿಸ್ಟೋಗ್ರಾಮ್‌ಗಳನ್ನು ಬೇರೆ ಬೇರೆಯಾಗಿ ತೆರೆದಾಗ ಕೆಂಪು ಬಲಗಡೆಯ ಗೋಡೆಗೆ, ಅಂದರೆ ಗರಿಷ್ಠ ಮಟ್ಟಕ್ಕೆ, ಅಂಟಿಕೊಂಡಿತ್ತು. ನೂರಕ್ಕೆ ನೂರರ ಗಾತ್ರದಲ್ಲಿ ಕೆಂಪು ಚಾನೆಲ್ಲನ್ನಷ್ಟೇ ನೋಡಿದರೆ ಅಕ್ಷರಗಳು ಊದಿಕೊಂಡು, ಒಳಗಿನ ಖಾಲಿ ಜಾಗಗಳೆಲ್ಲ ಮುಚ್ಚಿಹೋಗಿ ಬಿಳಿ ಮುದ್ದೆಯಾಗಿದ್ದವು. ಹಸಿರು ಚಾನೆಲ್‌ನಲ್ಲಿ, ಫಿಲ್ಟರ್ ದಾಟಿ ಬಂದ ಅಲ್ಪಸ್ವಲ್ಪ ಬೆಳಕಿನಲ್ಲೇ, ಒಂದೊಂದು ಎಲ್‌ಇಡಿಯ ಚುಕ್ಕೆಯೂ ಬಿಡಿಬಿಡಿಯಾಗಿ, ಸಾಲುಗಳ ನಡುವಿನ ಕಪ್ಪು ಗೆರೆಯೂ ಸ್ಪಷ್ಟವಾಗಿ ಉಳಿದಿತ್ತು. ಫಲಕಕ್ಕೆ ಹಸಿರು 0.9, ಕೆಂಪು 0.1 ಎಂದು ಕೊಟ್ಟರೆ ಅಕ್ಷರಗಳನ್ನು ಓದಬಹುದು. ತೊಡಕೆಂದರೆ, ಆ ವ್ಯಕ್ತಿಯ ಕೆನ್ನೆಯ ಮೇಲೆ ಬಿದ್ದಿರುವುದೂ ಫಲಕದ ಕೆಂಪು ಬೆಳಕೇ ಆದ್ದರಿಂದ, ಅದೇ ಮಿಶ್ರಣದಲ್ಲಿ ಮುಖ ಕಪ್ಪಾಗಿ ಕೊಡೆಯ ನೆರಳಿನೊಳಗೆ ಮಾಯವಾಗುತ್ತದೆ. ಕೊನೆಗೆ ಮಾಡ್ಯೂಲನ್ನು ಎರಡು ಸಲ ಹಾಕಿ, ಫಲಕಕ್ಕೂ ರಸ್ತೆಯ ಮೇಲಿನ ಅದರ ಪ್ರತಿಬಿಂಬಕ್ಕೂ ಹಸಿರಿನ ಮಿಶ್ರಣವನ್ನು, ಮುಖಕ್ಕೆ ಕೆಂಪಿನ ಮಿಶ್ರಣವನ್ನು ಮಾಸ್ಕ್ (ಬದಲಾವಣೆಯನ್ನು ಆಯ್ದ ಭಾಗಕ್ಕಷ್ಟೇ ಸೀಮಿತಗೊಳಿಸುವ ಗಡಿ) ಮೂಲಕ ಕೊಟ್ಟೆ. ಪ್ರತಿಬಿಂಬವನ್ನು ಮರೆತರೆ ರಸ್ತೆಯಲ್ಲಿರುವುದು ಬೇರೊಂದು ಫಲಕದ ಬೆಳಕೇನೋ ಎನ್ನುವಂತೆ ಕಾಣುತ್ತದೆ.

ನೀಲಿ ಫಲಕಗಳ ಸಮಸ್ಯೆ ಇದರ ಇನ್ನೊಂದು ಮುಖ. ಎಚ್‌ಡಿ ಟಿವಿಯ ರೆಕ್ 709 ಮಾನದಂಡದಲ್ಲಿ, ಪ್ರಕಾಶವನ್ನು ಲೆಕ್ಕ ಹಾಕುವಾಗ, ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕವಿದೆ. ಈ ಲೆಕ್ಕದಲ್ಲಿ ಪರಿವರ್ತಿಸಿದರೆ, ಬೀದಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣು ಸೆಳೆದಿದ್ದ ನೀಲಿ ಫಲಕ ಮಂಕು ಬೂದಾಗಿ ಗೋಡೆಯೊಂದಿಗೆ ಸೇರಿಹೋಗುತ್ತದೆ. ಮಾನದಂಡ ತಪ್ಪಲ್ಲ, ಅದು ಪ್ರಕಾಶವನ್ನು ಅಳೆಯುತ್ತದೆಯೇ ಹೊರತು ಗಮನವನ್ನಲ್ಲ. ನೀಲಿಯನ್ನು ಆ ಜಾಗದಲ್ಲಷ್ಟೇ ಏರಿಸುವುದು ನನಗೆ ನ್ಯಾಯವೆನಿಸಿದೆ.

ನಾಯ್ಸ್ ವಿಷಯದಲ್ಲಿ ಕ್ರಮ ಬಹಳ ಮುಖ್ಯ. ಬಣ್ಣದ ನಾಯ್ಸನ್ನು ಪರಿವರ್ತನೆಗೆ ಮೊದಲೇ ತೆಗೆಯಬೇಕು. ಪರಿವರ್ತನೆಯ ನಂತರ ಅದು ಹೊಳಪಿನ ನಾಯ್ಸ್ ಆಗಿ ಬದಲಾಗಿ ವಿವರಗಳಿಂದ ಬೇರ್ಪಡಿಸಲಾಗದಂತೆ ಬೆರೆತುಬಿಡುತ್ತದೆ. ಹೊಳಪಿನ ನಾಯ್ಸನ್ನು ಮಾತ್ರ ಬಹುಮಟ್ಟಿಗೆ ಹಾಗೆಯೇ ಬಿಡುತ್ತೇನೆ. ಅದು ಫಿಲ್ಮ್ ಗ್ರೇನ್‌ನಂತೆ ಕಾಣುತ್ತದೆ ಎನ್ನುವುದು ಅರ್ಧ ಸತ್ಯ, ಏಕೆಂದರೆ ಮುದ್ರಿತ ಚಿತ್ರದಲ್ಲಿ ಫಿಲ್ಮಿನ ಗ್ರೇನ್ ಎದ್ದು ಕಾಣುವುದು ನಡುವಿನ ಬೂದುಗಳಲ್ಲಿ, ಡಿಜಿಟಲ್ ನಾಯ್ಸ್ ಕಾಣುವುದು ನೆರಳುಗಳಲ್ಲಿ. ನೆರಳುಗಳನ್ನು ಮಾತ್ರ ಶುಚಿಗೊಳಿಸಿ ನಡುವಿನ ಭಾಗವನ್ನು ಮುಟ್ಟದೆ ಇದ್ದರೆ ಫಿಲ್ಮಿನ ಗುಣಕ್ಕೆ ಹತ್ತಿರ ಬರುತ್ತದೆ.

ಛಾಯೆಗಳನ್ನು ಎಲ್ಲಿ ಕೂರಿಸುವುದೆಂಬುದಕ್ಕೆ, ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿನಲ್ಲಿ ರೂಪಿಸಿದ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಹಂತಗಳಾಗಿ ಹಂಚುವ ಜೋನ್ ಪದ್ಧತಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಐದನೆಯ ಜೋನ್ ಎಂದರೆ ಶೇ. 18ರ ಬೂದು, ಮೂರನೆಯದೆಂದರೆ ವಿವರ ಉಳಿದಿರುವ ಗಾಢ ನೆರಳು. ದೀಪದಡಿಯ ಮುಖವನ್ನು ಐದರಲ್ಲಿ, ಬೆಳಕು ನೇರವಾಗಿ ಬೀಳದ ರಸ್ತೆಯನ್ನು ಮೂರರಲ್ಲಿ ಇಡುತ್ತೇನೆ. ಸಾಫ್ಟ್‌ವೇರಿನ ಸ್ವಯಂಚಾಲಿತ ಎಕ್ಸ್‌ಪೋಷರ್ ರಸ್ತೆಯನ್ನೂ ಐದಕ್ಕೆ ಎತ್ತಲು ನೋಡುತ್ತದೆ, ಆಗ ರಾತ್ರಿ ಹೋಗಿ ಮೋಡ ಮುಸುಕಿದ ಮಧ್ಯಾಹ್ನ ಬರುತ್ತದೆ.

ಮುದ್ರಣದ ಪರೀಕ್ಷೆಯೂ ಶುರುವಾಗಿದೆ. ಮ್ಯಾಟ್ ಕಾಗದದ ಕಪ್ಪು ಗ್ಲಾಸಿ ಕಾಗದದಷ್ಟು ಆಳವಾಗಿರುವುದಿಲ್ಲವಾದ್ದರಿಂದ, 0ಯಿಂದ 30ರವರೆಗಿನ ಮೌಲ್ಯಗಳ (0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಪೂರ್ತಿ ಬಿಳಿ) ಚೌಕಗಳನ್ನು ಸಾಲಾಗಿ ಮುದ್ರಿಸಿ ನೋಡಿದೆ. 14ಕ್ಕಿಂತ ಕೆಳಗಿನ ಚೌಕಗಳು ಒಂದರಿಂದ ಒಂದು ಬೇರೆಯಾಗಿ ಕಾಣಲಿಲ್ಲ. ಆದ್ದರಿಂದ ಮುದ್ರಣದ ಪ್ರತಿಗಳಲ್ಲಿ, ವಿವರ ಕಾಣಲೇಬೇಕಾದ ಯಾವ ನೆರಳನ್ನೂ 14ಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿಲ್ಲ. ಪರದೆಗೆಂದು ಮಾಡಿದ ಪ್ರತಿಗಳು ಬೇರೆಯೇ ಇರುತ್ತವೆ.

ಉಳಿದಿರುವುದು ಮಿಶ್ರ ಬೆಳಕಿನ ಫೋಲ್ಡರ್. ಒಂದು ಕೆನ್ನೆಗೆ ಸೋಡಿಯಂ, ಇನ್ನೊಂದಕ್ಕೆ ಎಲ್‌ಇಡಿ ಬಿದ್ದಿರುವ ಮುಖಗಳಲ್ಲಿ ಮಾಸ್ಕಿನ ಗಡಿ ಮೂಗಿನ ಮೇಲೆಯೇ ಹಾದುಹೋಗುತ್ತದೆ. ಕೈಯಿಂದ ಬಿಡಿಸಿದ ಮಾಸ್ಕಿನ ಅಂಚು ಎಷ್ಟು ಮೃದುವಾಗಿದ್ದರೂ ಅಲ್ಲೊಂದು ಬೂದು ಗೆರೆ ಉಳಿಯುತ್ತಿದೆ. ಮುಂದಿನ ಹಂತದಲ್ಲಿ ಬಣ್ಣದ ಆಧಾರದ ಮೇಲೆ, ಅಂದರೆ ಕಿತ್ತಳೆ ಎಲ್ಲಿ ಮುಗಿದು ನೀಲಿಬಿಳಿ ಎಲ್ಲಿ ಶುರುವಾಗುತ್ತದೋ ಅದನ್ನೇ ಗಡಿಯಾಗಿಸುವ ಪ್ಯಾರಾಮೆಟ್ರಿಕ್ ಮಾಸ್ಕ್ ಬಳಸಿ ನೋಡುವುದಿದೆ. ಅದಕ್ಕೆ ಈ ಫೋಲ್ಡರಿನ ವೈಟ್ ಬ್ಯಾಲೆನ್ಸನ್ನು ಎರಡು ದೀಪಗಳ ನಡುವೆ, 3200 ಕೆಲ್ವಿನ್‌ನ ಹತ್ತಿರ ಇಟ್ಟು ಆರಂಭಿಸುತ್ತೇನೆ.