ಮೇಲೊಂದು, ಕೆಳಗೊಂದು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಂಥ ಬಿಸಿಲು ನಾಡಿನ ಲ್ಯಾಬಿಗೆ ಪರೀಕ್ಷೆಗೆಂದು ಬೆಳಗ್ಗೆ ಬರುವ ಚರ್ಮದ ಚೂರುಗಳ ಡಬ್ಬಿಗಳಲ್ಲಿ ಬಹಳಷ್ಟು ಕೆನ್ನೆ, ಕಿವಿ, ಮುಂಗೈಯವು. ಚೀಟಿಯಲ್ಲಿ ‘ವಯಸ್ಸು 82, ಎಡಗೆನ್ನೆ, ಆರು ವಾರದಲ್ಲಿ ಇಮ್ಮಡಿಯಾದ ಕೆಂಪು ಗಂಟು, ನೋವಿಲ್ಲ, ಸಿಎಲ್‌ಎಲ್ ರಕ್ತ ಕ್ಯಾನ್ಸರ್ ಇದೆ’ ಎಂದಿದ್ದರೆ ಆ ಡಬ್ಬಿಯನ್ನು ಮೊದಲು ತೆಗೆದುಕೊಳ್ಳಬೇಕು. ನೋವಿಲ್ಲ ಎನ್ನುವುದೇ ಇಲ್ಲಿ ಹೆದರಿಸುವ ಮಾತು: ನೋವಿಲ್ಲದೆ ಬೇಗ ಬೆಳೆಯುವುದು ಮರ್ಕೆಲ್ ಸೆಲ್ ಕಾರ್ಸಿನೋಮ ಎಂಬ ಉಗ್ರ ಚರ್ಮದ ಕ್ಯಾನ್ಸರಿನ ಲಕ್ಷಣ. ಕೆಲವೊಮ್ಮೆ ಅದರ ಮೇಲೆಯೇ ಇನ್ನೊಂದು ಚರ್ಮದ ಕ್ಯಾನ್ಸರ್ ಕೂತಿರುತ್ತದೆ, ಅದೇ ಜೋಡಿ ಗಂಟು.

ಎಡವಟ್ಟು ಆಗುವುದಿದ್ದರೆ ಡಬ್ಬಿ ತಲುಪುವ ಮುಂಚೆಯೇ ಆಗಿರುತ್ತದೆ. ಬ್ಲೇಡಿನಿಂದ ತೆಳ್ಳಗೆ ಹೆರೆದ ಚೂರಿನಲ್ಲಿ ಬೋವೆನ್ಸ್ ಕಾಯಿಲೆ, ಅಂದರೆ ಮೇಲ್ಚರ್ಮದಲ್ಲೇ ಉಳಿದ ಆರಂಭದ ಸ್ಕ್ವಾಮಸ್ ಕ್ಯಾನ್ಸರ್, ಮಾತ್ರ ಕಾಣುತ್ತದೆ. ವರದಿಯೂ ಅಷ್ಟೇ ಹೇಳುತ್ತದೆ, ಮುಲಾಮು ಶುರುವಾಗುತ್ತದೆ. ಒಳಚರ್ಮದಲ್ಲಿ ಕೂತ ಮರ್ಕೆಲ್ ಸೆಲ್ ಕಾರ್ಸಿನೋಮ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಚರ್ಮವನ್ನು ದುಂಡಗೆ ಕೊರೆದು ತೆಗೆಯುವ 4 ಮಿ.ಮೀ. ಪಂಚ್ ಕೊಬ್ಬಿನ ಪದರ ಮುಟ್ಟಬೇಕು. ಚೂರನ್ನು ಚಿಮಟದಲ್ಲಿ ಹಿಂಡಕೂಡದು. ಈ ಜೀವಕೋಶಗಳು ಬಲು ನಾಜೂಕು, ಒತ್ತಿದರೆ ನೀಲಿ ಗೀರುಗಳಾಗಿಬಿಡುತ್ತವೆ, ಆಮೇಲೆ ಯಾರೂ ಓದಲಾರರು. ಚೂರು ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ಚೂರಿನ ಹತ್ತು ಪಟ್ಟು ಇರಲಿ.

ಸ್ಲೈಡಿನಲ್ಲಿ ಮೇಲೆ ಬೋವೆನ್ಸ್‌ನ ಅಡ್ಡಾದಿಡ್ಡಿ ಸ್ಕ್ವಾಮಸ್ (ಮೇಲ್ಚರ್ಮದ) ಕೋಶಗಳು, ಕೆಳಗೆ ನುಣ್ಣನೆ ಪುಡಿ ಉದುರಿಸಿದಂಥ ನ್ಯೂಕ್ಲಿಯಸ್ಸಿನ ಮರ್ಕೆಲ್ ಕೋಶಗಳ ನೀಲಿ ಗುಂಪು. ಕೋಶದ ಪ್ರೋಟೀನ್ ಗುರುತಿಸುವ ಸಿಕೆ-20 ಬಣ್ಣ ಹಾಕಿದರೆ ಮರ್ಕೆಲ್ ಕೋಶದ ನ್ಯೂಕ್ಲಿಯಸ್ಸಿನ ಪಕ್ಕದಲ್ಲೇ ಕಂದು ಚುಕ್ಕೆ ಮೂಡುತ್ತದೆ. ಇಂಥದ್ದೇ ಇನ್ನೊಂದು ಪರೀಕ್ಷೆಯಾದ ಟಿಟಿಎಫ್-1 ಸಾಮಾನ್ಯವಾಗಿ ಬಣ್ಣ ಹಿಡಿಯುವುದಿಲ್ಲ. ಹಿಡಿದರೆ ಶ್ವಾಸಕೋಶದಿಂದ ಹರಡಿದ್ದೇ ಎಂದು ಸ್ಕ್ಯಾನ್ ಮಾಡಿಯೇ ನೋಡಬೇಕು. ಜೋಡಿ ಗಂಟುಗಳಲ್ಲಿ ಈ ನಿಯಮಗಳು ತಪ್ಪುವುದೂ ಉಂಟು, ಒಂದೇ ಬಣ್ಣವನ್ನು ನಂಬಿ ಕೂರುವಂತಿಲ್ಲ. 2008ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಪತ್ತೆಯಾದ ಮರ್ಕೆಲ್ ಪಾಲಿಯೋಮಾ ವೈರಸ್ ಕೂಡ ಜೋಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡಕ್ಕೂ ದಶಕಗಳ ಬಿಸಿಲೇ ಮೂಲ.

ವರದಿಯಲ್ಲಿ ಎರಡೂ ಹೆಸರು ಬರಬೇಕು, ಮರ್ಕೆಲ್ ಮೊದಲ ಸಾಲಿನಲ್ಲೇ. ಸರ್ಜನ್ ನಿರ್ಧಾರ ಅದರ ಮೇಲೆ ನಿಂತಿದೆ: ಸುತ್ತ 1ರಿಂದ 2 ಸೆಂ.ಮೀ. ಬಿಟ್ಟು ತೆಗೆಯುವುದು, ಜೊತೆಗೇ ಸೆಂಟಿನೆಲ್, ಅಂದರೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ, ದುಗ್ಧಗ್ರಂಥಿಯ ಪರೀಕ್ಷೆ. ಗಾಯ ಮುಚ್ಚಲು ಪಕ್ಕದ ಚರ್ಮವನ್ನು ಸರಿಸಿ ಕೆನ್ನೆಗೆ ಫ್ಲ್ಯಾಪ್ ಹೊಲಿದ ಮೇಲೆ ದುಗ್ಧರಸದ ದಾರಿ ಬದಲಾಗಿ ಸರಿಯಾದ ಗ್ರಂಥಿ ಸಿಗದೆ ಹೋಗಬಹುದು. ರೇಡಿಯೇಷನ್‌ಗೆ ಈ ಗಂಟು ಚೆನ್ನಾಗಿ ಬಗ್ಗುತ್ತದೆ. ಹರಡಿದವರಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅವೆಲುಮ್ಯಾಬ್‌ನಂಥ ಇಮ್ಯುನೋಥೆರಪಿ ಇದೆ.

ಸಿಎಲ್‌ಎಲ್ ಇರುವವರ ಗ್ರಂಥಿಯಲ್ಲೇ ಕಣ್ಣು ತಪ್ಪುವುದು. ಅದು ಮೊದಲೇ ಸ್ಲೈಡಿನಲ್ಲಿ ಸಣ್ಣ ನೀಲಿಯಾಗಿ ಕಾಣುವ ಲಿಂಫೋಸೈಟ್ ಎಂಬ ರಕ್ತಕಣಗಳಿಂದ ತುಂಬಿರುತ್ತದೆ. ‘ಸಿಎಲ್‌ಎಲ್‌ನದ್ದೇ’ ಎಂದು ಸ್ಲೈಡ್ ಬದಿಗಿಡುವುದು ಸುಲಭ. ಬೇರೆ ಬೇರೆ ಆಳದಲ್ಲಿ ಕತ್ತರಿಸಿ ಸಿಕೆ-20 ಹಾಕಿ ನೋಡಿದಾಗ, ಆ ನೀಲಿಯ ನಡುವೆ ಅಂಚಿನಲ್ಲಿ ನಾಲ್ಕೈದು ಕಂದು ಚುಕ್ಕೆಗಳು ಸಿಕ್ಕಬಹುದು.